ಜವಳಿ ಅಂಗಡಿಯವನು ಕಂಡ ಕಾಣದ ಲೋಕ

ಗೆಳೆಯರೇ, ಪುಸ್ತಕದ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿಯ ಕೆಳಗಿರುವ ಅಕ್ಷರ ದಪ್ಪಗೆ ಕಾಣುತ್ತದೆ. ನಾನು ಮಾಡಿ ನೋಡಿದ್ದೇನೆ. ಇಂಥ ಹನಿಗಿಂತಲೂ ಚಿಕ್ಕದಾದ ಗಾಜಿನ ಮಸೂರ ಹಿಡಿದುಕೊಂಡು, ಅಲ್ಲಿಯವರೆಗೆ ಯಾರೂ ನೋಡದ ಜೀವಿಗಳನ್ನು ನೋಡಿದವನೇ ಆಂಟನಿ ವಾನ್ ಲೀವೆನ್‌ಹುಕ್. ಹೆಸರು ಸ್ವಲ್ಪ ಕಷ್ಟ, ಎರಡು ಸಲ ಓದಿದರೆ ಬಾಯಿಗೆ ಬರುತ್ತದೆ.

ಇವನು 1632ನೇ ಇಸವಿ ಅಕ್ಟೋಬರ್ 24ರಂದು ಹಾಲೆಂಡ್ ದೇಶದ ಡೆಲ್ಫ್ಟ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಬುಟ್ಟಿ ಹೆಣೆಯುವ ಕಸುಬಿನವನು. ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡನು. ಹದಿನಾರನೇ ವಯಸ್ಸಿಗೆ ಹುಡುಗನನ್ನು ಆಮ್‌ಸ್ಟರ್‌ಡಾಮ್ ಪಟ್ಟಣದ ಜವಳಿ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟರು. ಅಂದರೆ ನಮಗಿಂತ ಮೂರೇ ವರ್ಷ ದೊಡ್ಡವನು. 1654ರಲ್ಲಿ ಊರಿಗೆ ಮರಳಿ ಮದುವೆಯಾಗಿ ಸ್ವಂತ ಅಂಗಡಿ ಇಟ್ಟನು. ಆಮೇಲೆ ನಗರಸಭೆಯ ಮಂದಿರವನ್ನು ನೋಡಿಕೊಳ್ಳುವ ಕೆಲಸವೂ ಸಿಕ್ಕಿತು. ಬಾಗಿಲು ತೆಗೆಸುವುದು, ಗುಡಿಸಿಸುವುದು, ಚಳಿಗೆ ಬೆಂಕಿ ಹಾಕಿಸುವುದು ಇವೆಲ್ಲ ಅವನ ಜವಾಬ್ದಾರಿ. ಅವನು ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ. ಆಗಿನ ಪಂಡಿತರು ಬರೆಯುತ್ತಿದ್ದದ್ದು ಲ್ಯಾಟಿನ್ ಭಾಷೆಯಲ್ಲಿ. ಅದು ಇವನಿಗೆ ಬರುತ್ತಿರಲಿಲ್ಲ. ಗೊತ್ತಿದ್ದದ್ದು ತಾಯಿನುಡಿ ಡಚ್ ಒಂದೇ.

ಜವಳಿ ಅಂಗಡಿಯವರು ಬಟ್ಟೆಯ ಎಳೆ ಎಣಿಸಿ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಮಸೂರ ಇಟ್ಟುಕೊಳ್ಳುತ್ತಿದ್ದರು. ಲೀವೆನ್‌ಹುಕ್ ಅದಕ್ಕಿಂತ ಚೆನ್ನಾಗಿ ತೋರಿಸುವ ಮಸೂರಗಳನ್ನು ಮನೆಯಲ್ಲೇ ತಯಾರಿಸತೊಡಗಿದನು. ಅವನ ಸೂಕ್ಷ್ಮದರ್ಶಕ ನಮ್ಮ ಶಾಲೆಯ ಬೀರುವಿನಲ್ಲಿರುವಂಥದ್ದಲ್ಲ. ಎರಡು ಪುಟ್ಟ ಹಿತ್ತಾಳೆ ತಗಡಿನ ನಡುವೆ ಒಂದೇ ಒಂದು ಮಸೂರ, ಅದರ ಮುಂದೆ ಒಂದು ಸೂಜಿಮೊನೆ, ಅದನ್ನು ಹಿಂದೆ ಮುಂದೆ ಸರಿಸಲು ತಿರುಪು. ಅಷ್ಟೇ! ಅಂಗೈಯಲ್ಲಿ ಹಿಡಿಸುತ್ತದೆ. ಸೂಜಿಮೊನೆಗೆ ವಸ್ತುವನ್ನು ಅಂಟಿಸಿ, ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆಳಕಿನ ಕಡೆ ಮುಖ ಮಾಡಿ ನೋಡಬೇಕು. ಈಗ ಉಳಿದಿರುವುದರಲ್ಲಿ ಅತ್ಯುತ್ತಮವಾದದ್ದು ಸುಮಾರು 266 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

1674ರಲ್ಲಿ ಊರಿನ ಹತ್ತಿರದ ಸರೋವರದ ನೀರು ತಂದು ನೋಡಿದನು. ಹಸಿರು ಎಳೆಗಳ ಮಧ್ಯೆ ಏನೇನೋ ಪುಟ್ಟ ಜೀವಿಗಳು ಓಡಾಡುತ್ತಿದ್ದವು. ನಮ್ಮ ಕೆರೆಯ ಪಾಚಿ ನೀರಿನಲ್ಲೂ ಅಂಥವು ಇರುತ್ತವೆ ಅಂತ ಮೇಷ್ಟ್ರು ಹೇಳಿದ್ದಾರೆ.

ಇದಕ್ಕಿಂತ ಮಜಾ ಇರುವುದು ಕಾಳುಮೆಣಸಿನ ಕಥೆ. ಮೆಣಸು ನಾಲಿಗೆಗೆ ಯಾಕೆ ಖಾರ? ಅದರಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳಿರಬಹುದೇ ಎಂದು ಅವನಿಗೆ ಅನುಮಾನ ಬಂತು. ಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟದ ಕಾಡು. ಹಡಗಿನಲ್ಲಿ ಹೋಗಿ ಅವರ ಅಡುಗೆಮನೆ ಸೇರುತ್ತಿತ್ತು. 1676ರಲ್ಲಿ ಅವನು ಮೆಣಸನ್ನು ಸುಮಾರು ಮೂರು ವಾರ ನೀರಿನಲ್ಲಿ ನೆನೆಹಾಕಿ ನೋಡಿದನು. ಮುಳ್ಳು ಕಾಣಲಿಲ್ಲ. ಬದಲಿಗೆ ಲೆಕ್ಕವಿಲ್ಲದಷ್ಟು ಜೀವಿಗಳು, ಕೆಲವಂತೂ ಅವನು ಮೊದಲು ಕಂಡವಕ್ಕಿಂತಲೂ ಬಹಳ ಚಿಕ್ಕವು. ಅವೇ ಬ್ಯಾಕ್ಟೀರಿಯಾ. ಇಷ್ಟು ಚಿಕ್ಕದನ್ನು ಅಳೆಯಲು ಅಳತೆಪಟ್ಟಿ ಎಲ್ಲಿ ಸಿಗಬೇಕು? ಮರಳಿನ ಕಾಳಿಗೋ ಹೇನಿನ ಕಣ್ಣಿಗೋ ಹೋಲಿಸಿ ಗಾತ್ರ ಹೇಳುತ್ತಿದ್ದನು.

ಅವನು ಕಂಡದ್ದನ್ನೆಲ್ಲ ಡಚ್ ಭಾಷೆಯಲ್ಲೇ ಕಾಗದ ಬರೆದು ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನ ಸಂಘಕ್ಕೆ ಕಳಿಸುತ್ತಿದ್ದನು. ಆದರೆ ಒಂದು ಹನಿ ನೀರಿನಲ್ಲಿ ಸಾವಿರಾರು ಪ್ರಾಣಿಗಳು ಅಂದರೆ ಯಾರು ನಂಬ್ತಾರೆ? ಅದೂ ಬಟ್ಟೆ ಮಾರುವವನ ಮಾತು! ಸುಳ್ಳುಗಾರ ಅಂತ ಆಗಿಬಿಟ್ಟರೆ ಮುಂದೆ ಅವನ ಕಾಗದ ಒಡೆದು ನೋಡುವವರೂ ಇರುತ್ತಿರಲಿಲ್ಲ. ಅವನು ಪಾದ್ರಿಗಳೂ ಸೇರಿದಂತೆ ಎಂಟು ಜನರಿಗೆ ತೋರಿಸಿ, ನಾವು ಕಣ್ಣಾರೆ ಕಂಡಿದ್ದೇವೆ ಎಂದು ಅವರಿಂದ ಬರೆಸಿ ಲಂಡನ್ನಿಗೆ ಕಳಿಸಿದನು. ಅಲ್ಲಿ ರಾಬರ್ಟ್ ಹುಕ್ ಎಂಬ ದೊಡ್ಡ ವಿಜ್ಞಾನಿ ತಾನೂ ಮೆಣಸು ನೆನೆಹಾಕಿ ನೋಡಿದನು. ಮೊದಲು ಏನೂ ಕಾಣಲಿಲ್ಲ. ನನಗಂತೂ ಇದನ್ನು ಓದುವಾಗ ಎದೆ ಡವಡವ ಅಂತು. ಇನ್ನೂ ಒಳ್ಳೆಯ ಮಸೂರ ಮಾಡಿಕೊಂಡು ಮತ್ತೆ ನೋಡಿದಾಗ, 1677ರ ನವೆಂಬರಿನಲ್ಲಿ, ಕಂಡೇಬಿಟ್ಟವು! ಸಂಘದವರೆಲ್ಲ ನೋಡಿ ಒಪ್ಪಿದರು. 1680ರಲ್ಲಿ ಆ ಬಟ್ಟೆ ವ್ಯಾಪಾರಿಯನ್ನು ಸಂಘದ ಸದಸ್ಯನಾಗಿ ಆರಿಸಿದರು.

1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿ ತೆಗೆದು ನೋಡಿದನು. ದಿನಾಲೂ ಉಪ್ಪಿನಿಂದ ಹಲ್ಲು ಉಜ್ಜುವವನ ಬಾಯಲ್ಲೂ ಜೀವಿಗಳು ಓಡಾಡುತ್ತಿದ್ದವು. ಹಲ್ಲನ್ನೇ ಉಜ್ಜದ ಒಬ್ಬ ಮುದುಕನ ಬಾಯಿಯ ಪಾಚಿಯನ್ನೂ ನೋಡಿದನು. ಅದರಲ್ಲಿ ಹೇಗಿತ್ತು ಅಂತ ನಾನು ಬರೆಯುವುದಿಲ್ಲ, ಮಧ್ಯಾಹ್ನ ಊಟ ಮಾಡಬೇಕಲ್ಲ. ರಕ್ತದ ಕೆಂಪು ಕಣಗಳನ್ನೂ ಚೆನ್ನಾಗಿ ನೋಡಿ ವರ್ಣಿಸಿದನು. 1698ರಲ್ಲಿ ರಷ್ಯಾದ ದೊರೆ ಪೀಟರನೇ ಬಂದು ಹಾವುಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ಇವನ ಮಸೂರದಲ್ಲಿ ಕಂಡನು.

ಒಂದು ವಿಷಯ ಓದಿ ನನಗೆ ಬೇಜಾರಾಯಿತು. ಮೊದಲ ಹೆಂಡತಿಯಿಂದ ಅವನಿಗೆ ಐದು ಮಕ್ಕಳು ಹುಟ್ಟಿ ನಾಲ್ಕು ಹಸುಗೂಸಾಗಿದ್ದಾಗಲೇ ಸತ್ತವು. ಉಳಿದದ್ದು ಮರಿಯಾ ಎಂಬ ಮಗಳು ಮಾತ್ರ. ಇಂಥ ಜೀವಿಗಳಲ್ಲಿ ಕೆಲವು ರೋಗ ತರುತ್ತವೆ ಎಂದು ಅವುಗಳನ್ನು ಮೊದಲು ಕಂಡ ಅವನಿಗೇ ಗೊತ್ತಿರಲಿಲ್ಲ. ಪಾಶ್ಚರ್ ಮತ್ತು ಕಾಖ್ ಅದನ್ನು ತೋರಿಸಿಕೊಟ್ಟದ್ದು ಸುಮಾರು ಇನ್ನೂರು ವರ್ಷಗಳ ನಂತರ.

ತಡವಾಗಿದ್ದಕ್ಕೆ ಅವನದೂ ಸ್ವಲ್ಪ ತಪ್ಪಿದೆ ಎಂದು ನನ್ನ ಅಭಿಪ್ರಾಯ. ತನ್ನ ಅತ್ಯುತ್ತಮ ಮಸೂರ ಮಾಡುವ ರೀತಿಯನ್ನು ಅವನು ಯಾರಿಗೂ ಹೇಳಿಕೊಡಲಿಲ್ಲ. ಮನೆಗೆ ಬಂದವರಿಗೆ ಸಾಧಾರಣವಾದವುಗಳನ್ನು ತೋರಿಸಿ ಕಳಿಸುತ್ತಿದ್ದನು. 1723 ಆಗಸ್ಟ್ 26ರಂದು ತನ್ನ 90ನೇ ವಯಸ್ಸಿನಲ್ಲಿ ಸತ್ತಾಗ ಗುಟ್ಟೂ ಜೊತೆಗೇ ಹೋಯಿತು. ಅವನ ಇಚ್ಛೆಯಂತೆ 26 ಬೆಳ್ಳಿಯ ಸೂಕ್ಷ್ಮದರ್ಶಕಗಳು ಲಂಡನ್ನಿನ ಸಂಘಕ್ಕೆ ಹೋದವು. ಅವೂ ಮುಂದೆ ಕಳೆದುಹೋದವು.

ಆ ಗುಟ್ಟು 2021ರಲ್ಲಿ ಸ್ವಲ್ಪ ಬಯಲಾಯಿತು. ಉಳಿದಿರುವ ಸೂಕ್ಷ್ಮದರ್ಶಕಗಳಲ್ಲಿ ತುಂಬ ದೊಡ್ಡದಾಗಿ ತೋರಿಸುವುದನ್ನು ಬಿಚ್ಚದೆಯೇ, ನ್ಯೂಟ್ರಾನ್ ಕಣಗಳನ್ನು ಹಾಯಿಸಿ, ಒಳಗಿನ ಮಸೂರ ಹೇಗಿದೆ ಎಂದು ವಿಜ್ಞಾನಿಗಳು ನೋಡಿದರು. ಅದು ಉಜ್ಜಿ ಮಾಡಿದ ಮಸೂರವಲ್ಲ, ಗಾಜಿನ ಎಳೆಯನ್ನು ಉರಿಯಲ್ಲಿ ಕರಗಿಸಿ ಮಾಡಿದ ಪುಟ್ಟ ಗುಂಡು. ಹೀಗೆ ಗುಂಡು ಮಾಡುವುದನ್ನು 1665ರಲ್ಲೇ ಒಬ್ಬರು ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರು. ಯಾರು ಗೊತ್ತಾ? ಲಂಡನ್ನಿನಲ್ಲಿ ಮೆಣಸು ನೆನೆಹಾಕಿದ ಅದೇ ರಾಬರ್ಟ್ ಹುಕ್.