ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್

ಇಂದು ಶಸ್ತ್ರಚಿಕಿತ್ಸೆಯೆಂದರೆ ಗುಣಹೊಂದುವ ಭರವಸೆ. ಆದರೆ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಯೂರೋಪಿನ ದೊಡ್ಡ ಆಸ್ಪತ್ರೆಗಳಲ್ಲಿ ಆ ಮಾತೇ ರೋಗಿಯ ಎದೆಯನ್ನು ನಡುಗಿಸುತ್ತಿತ್ತು. 1846ರಲ್ಲಿ ಈಥರಿನ ಅರಿವಳಿಕೆ ಬಳಕೆಗೆ ಬಂದು ಶಸ್ತ್ರದ ನೋವು ತಪ್ಪಿತು. ಸಾವಿನ ಭಯ ಮಾತ್ರ ತಪ್ಪಲಿಲ್ಲ. ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿದರೂ ಕೆಲವೇ ದಿನಗಳಲ್ಲಿ ಗಾಯ ಊದಿಕೊಂಡು, ಕೀವು ತುಂಬಿ, ಜ್ವರವೇರಿ ಎಷ್ಟೋ ರೋಗಿಗಳು ಸಾಯುತ್ತಿದ್ದರು. ವೈದ್ಯರು ಒಣಗಿದ ರಕ್ತ ಮೆತ್ತಿಕೊಂಡ ಹಳೆಯ ಕೋಟುಗಳನ್ನು ತೊಟ್ಟು, ಒಬ್ಬನಿಗೆ ಬಳಸಿದ ಉಪಕರಣವನ್ನು ಸರಿಯಾಗಿ ತೊಳೆಯದೆಯೇ ಇನ್ನೊಬ್ಬನಿಗೆ ಬಳಸುತ್ತಿದ್ದರು. ಗಾಯ ಕೊಳೆಯುವುದಕ್ಕೆ ಕೆಟ್ಟ ಗಾಳಿ ಕಾರಣವೆಂದು ಹಲವರು ನಂಬಿದ್ದರು. ಕೀವು ಗಾಯ ಮಾಯುವುದರ ಲಕ್ಷಣವೆಂದು ತಿಳಿದವರೂ ಇದ್ದರು. ಈ ಸಾವುಗಳನ್ನು ವಿಧಿಯೆಂದು ಒಪ್ಪಿ ಸುಮ್ಮನಿರದೆ, ಅವುಗಳ ಕಾರಣವನ್ನು ಅರಸಿ ಹೊರಟವನು ಜೋಸೆಫ್ ಲಿಸ್ಟರ್.

ಲಿಸ್ಟರ್ 1827ನೆಯ ಇಸವಿ ಏಪ್ರಿಲ್ 5ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಅಪ್ಟನ್ ಎಂಬಲ್ಲಿ ಹುಟ್ಟಿದನು. ಅವನದು ಕ್ವೇಕರ್ ಪಂಥದ ಸರಳವೂ ಶಿಸ್ತಿನದೂ ಆದ ಮನೆತನ. ತಂದೆ ದ್ರಾಕ್ಷಾರಸದ ವ್ಯಾಪಾರಿಯಾಗಿದ್ದರೂ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ವಿದ್ವಾಂಸರ ಮನ್ನಣೆ ಗಳಿಸಿದ್ದನು. ಬರಿಗಣ್ಣಿಗೆ ಕಾಣದುದನ್ನು ತಾಳ್ಮೆಯಿಂದ ನೋಡುವ ಅಭ್ಯಾಸ ಮಗನಿಗೆ ಮನೆಯಲ್ಲಿಯೇ ಬಂದಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ, 1852ರಲ್ಲಿ ವೈದ್ಯ ಪದವಿಯನ್ನು ಪಡೆದ ಲಿಸ್ಟರ್ ಮರುವರ್ಷ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋಗಿ, ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಸೈಮ್‌ನ ಬಳಿ ಕೆಲಸ ಕಲಿತನು. 1856ರಲ್ಲಿ ಸೈಮ್‌ನ ಮಗಳು ಆಗ್ನೆಸಳನ್ನು ಮದುವೆಯಾದನು. ಆಕೆ ಪ್ರಯೋಗಗಳಲ್ಲಿ ನೆರವಾಗುತ್ತ, ಟಿಪ್ಪಣಿಗಳನ್ನು ಬರೆದಿಡುತ್ತ ಗಂಡನ ಸಂಶೋಧನೆಯಲ್ಲಿಯೂ ಸಹಭಾಗಿನಿಯಾದಳು.

ಗಾಯವಾದೊಡನೆ ದೇಹ ಸುಮ್ಮನಿರುವುದಿಲ್ಲ. ಗಾಯದ ಸುತ್ತಲಿನ ರಕ್ತನಾಳಗಳು ಹಿಗ್ಗುತ್ತವೆ. ಆ ಭಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದೆ. ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸಿ ಕಶ್ಮಲವನ್ನು ತೆಗೆಯುತ್ತವೆ. ಅನಂತರ ಹೊಸ ಅಂಗಾಂಶ ಬೆಳೆದು ಗಾಯ ಕೂಡಿಕೊಳ್ಳುತ್ತದೆ. ಇದರ ಮೊದಲ ಹಂತವೇ ಉರಿಯೂತ. ಲಿಸ್ಟರ್ ಕಪ್ಪೆಯ ಕಾಲಿನ ತೆಳುಪೊರೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು, ಕೆರಳಿಸುವ ವಸ್ತುಗಳನ್ನು ಅದಕ್ಕೆ ಸೋಕಿಸಿ, ರಕ್ತನಾಳಗಳಲ್ಲಾಗುವ ಬದಲಾವಣೆಗಳನ್ನು ಪರೀಕ್ಷಿಸಿದನು. ಮಾಯುವ ಶಕ್ತಿ ದೇಹದಲ್ಲಿಯೇ ಇದೆ. ಹಾಗಿರುವಾಗ ಅದಕ್ಕೆ ಅಡ್ಡಿಯಾಗುತ್ತಿರುವುದು ಯಾವುದು? ಈ ಪ್ರಶ್ನೆ ಅವನನ್ನು ಬಿಡದೆ ಕಾಡಿತು.

1860ರಲ್ಲಿ ಲಿಸ್ಟರ್ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ಪ್ರಾಧ್ಯಾಪಕನಾದನು. ಅಲ್ಲಿನ ಆಸ್ಪತ್ರೆಯಲ್ಲಿ ಒಂದು ಸಂಗತಿ ಅವನ ಗಮನವನ್ನು ಸೆಳೆಯಿತು. ಚರ್ಮ ಹರಿಯದೆ ಒಳಗೆ ಮುರಿದ ಮೂಳೆ ಕೀವಾಗದೆ ಕೂಡಿಕೊಳ್ಳುತ್ತಿತ್ತು. ಚರ್ಮವನ್ನು ಹರಿದು ಹೊರಗೆ ಚಾಚಿದ ಮೂಳೆಯ ಗಾಯವಾದರೋ ಕೊಳೆಯುತ್ತಿತ್ತು. ಹಾಗಾದರೆ ಕೇಡು ಹೊರಗಿನಿಂದಲೇ ಬರುತ್ತಿರಬೇಕು. 1865ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಆಂಡರ್ಸನ್ ಫ್ರಾನ್ಸಿನ ಲೂಯಿ ಪಾಶ್ಚರನ ಸಂಶೋಧನೆಗಳನ್ನು ಅವನಿಗೆ ಪರಿಚಯಿಸಿದನು. ವಸ್ತುಗಳು ಹುಳಿಯುವುದಕ್ಕೂ ಕೊಳೆಯುವುದಕ್ಕೂ ಸೂಕ್ಷ್ಮಜೀವಿಗಳು ಕಾರಣವೆಂದು ಪಾಶ್ಚರ್ ತೋರಿಸಿದ್ದನು. ಗಾಯವನ್ನು ಕೊಳೆಯಿಸುವವೂ ಅವೇ ಎಂದು ಲಿಸ್ಟರ್ ತರ್ಕಿಸಿದನು.

ಕಾರ್ಲೈಲ್ ಪಟ್ಟಣದಲ್ಲಿ ಚರಂಡಿ ನೀರಿನ ದುರ್ವಾಸನೆಯನ್ನು ಹೋಗಲಾಡಿಸಲು ಕಾರ್ಬಾಲಿಕ್ ಆಮ್ಲವನ್ನು ಬಳಸುತ್ತಿದ್ದರು. ಗಾಯದಲ್ಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಲಿಸ್ಟರ್ ಅದನ್ನೇ ಆರಿಸಿಕೊಂಡನು. ಮೊದಲ ಪ್ರಯತ್ನ ಫಲಿಸಲಿಲ್ಲ. 1865ರ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ ಹನ್ನೊಂದು ವರ್ಷದ ಬಾಲಕನನ್ನು ಆಸ್ಪತ್ರೆಗೆ ತಂದರು. ಗಾಡಿಯ ಚಕ್ರ ಹರಿದು ಅವನ ಎಡಗಾಲಿನ ಮೂಳೆ ಮುರಿದಿತ್ತು, ಚರ್ಮವೂ ಒಡೆದಿತ್ತು. ಇಂತಹ ಗಾಯಕ್ಕೆ ಅಂದು ಕಾಲನ್ನೇ ಕತ್ತರಿಸುವುದು ವಾಡಿಕೆ. ಲಿಸ್ಟರ್ ಕಾಲನ್ನು ಕತ್ತರಿಸಲಿಲ್ಲ. ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಮೇಲಿಟ್ಟು ಕಟ್ಟಿದನು. ನಾಲ್ಕು ದಿನಗಳ ಮೇಲೆ ಕಟ್ಟು ಬಿಚ್ಚಿ ನೋಡಿದಾಗ ಗಾಯದಲ್ಲಿ ಕೀವಿರಲಿಲ್ಲ. ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಬಾಲಕನ ಕಾಲೂ ಉಳಿಯಿತು, ಪ್ರಾಣವೂ ಉಳಿಯಿತು.

1867ರಲ್ಲಿ ಲಿಸ್ಟರ್ ತನ್ನ ವಿಧಾನವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಹಿಂದಿನ ಪದ್ಧತಿಯಲ್ಲಿ ಅವನಲ್ಲಿ ಅಂಗಚ್ಛೇದನಕ್ಕೆ ಒಳಗಾದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು. ಹೊಸ ಪದ್ಧತಿಯಲ್ಲಿ 40 ಮಂದಿಯಲ್ಲಿ ಸತ್ತವರು 6 ಮಂದಿ ಮಾತ್ರ. ಆದರೂ ಕಣ್ಣಿಗೆ ಕಾಣದ ಜೀವಿಗಳನ್ನು ನಂಬಲು ಅನೇಕರು ಸಿದ್ಧರಿರಲಿಲ್ಲ. 1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದ ಲಿಸ್ಟರ್, ಮುರಿದ ಮೊಣಕಾಲ ಚಿಪ್ಪನ್ನು ತಂತಿಯಿಂದ ಕೂಡಿಸಲು ಕೀಲನ್ನೇ ತೆರೆದನು. ನಂಜೇರಿದರೆ ರೋಗಿಯ ಪ್ರಾಣಕ್ಕೂ ಲಿಸ್ಟರನ ಕೀರ್ತಿಗೂ ಅಪಾಯವಿತ್ತು. ಗಾಯ ಕೀವಿಲ್ಲದೆ ಮಾಯಿತು. ಸಂದೇಹಗಳು ಕ್ರಮೇಣ ಕರಗತೊಡಗಿದವು.

ತನ್ನ ತಪ್ಪನ್ನು ತಿದ್ದಿಕೊಳ್ಳುವ ದೊಡ್ಡತನವೂ ಲಿಸ್ಟರನಲ್ಲಿತ್ತು. ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದು ಅವನು ಕಾರ್ಬಾಲಿಕ್ ತುಂತುರನ್ನು ಚಿಮ್ಮಿಸುವ ಯಂತ್ರವನ್ನು ಬಳಕೆಗೆ ತಂದಿದ್ದನು. ಕೈ, ಉಪಕರಣ, ಬಟ್ಟೆಗಳಿಂದಲೇ ಹೆಚ್ಚು ಕೇಡೆಂಬುದು ತಿಳಿದ ಮೇಲೆ, ಆ ಯಂತ್ರವನ್ನು ಕೈಬಿಟ್ಟು, 1890ರಲ್ಲಿ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು.

ಸೂಕ್ಷ್ಮಜೀವಿಗಳೆಲ್ಲವೂ ನಮ್ಮ ವೈರಿಗಳಲ್ಲ. ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯವನ್ನು ಲಿಸ್ಟರನೇ 1878ರ ಸುಮಾರಿಗೆ ಬೇರ್ಪಡಿಸಿ ಬೆಳೆಸಿದನು. ಹತ್ತು ವರ್ಷಗಳ ಅನಂತರ, 1888ರಲ್ಲಿ, ಹಾಲೆಂಡಿನ ಬೈಯೆರಿಂಕ್ ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿದನು. ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡವು ಅವುಗಳಿಗೆ ಆಹಾರವನ್ನೂ ಆಶ್ರಯವನ್ನೂ ನೀಡುತ್ತದೆ. ಗಾಯವನ್ನು ಕೆಡಿಸುವ ಜೀವಿಗಳಿರುವಂತೆಯೇ ಬೆಳೆಯನ್ನು ಪೋಷಿಸುವ ಜೀವಿಗಳೂ ಇವೆ. ಯಾವುದು ಎಲ್ಲಿರಬೇಕೆಂದು ಅರಿಯುವುದೇ ವಿವೇಕ.

1892ರಲ್ಲಿ ಪ್ಯಾರಿಸಿನಲ್ಲಿ ಪಾಶ್ಚರನ ಎಪ್ಪತ್ತನೆಯ ಹುಟ್ಟುಹಬ್ಬದ ಸಮಾರಂಭ ನಡೆದಾಗ ಲಿಸ್ಟರ್ ಅವನಿಗೆ ಗೌರವವನ್ನು ಸಲ್ಲಿಸಿದನು; ಪಾಶ್ಚರ್ ಅವನನ್ನು ಅಪ್ಪಿಕೊಂಡನು. ಮರುವರ್ಷ ಆಗ್ನೆಸ್ ತೀರಿಕೊಂಡಳು. 1895ರಿಂದ 1900ರವರೆಗೆ ಲಿಸ್ಟರ್ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದನು. 1912ರ ಫೆಬ್ರವರಿ 10ರಂದು ವಾಲ್ಮರ್ ಎಂಬಲ್ಲಿ ನಿಧನನಾದನು.

ಶಸ್ತ್ರವೈದ್ಯನು ಗಾಯವನ್ನು ಮಾಯಿಸುವವನಲ್ಲ, ಮಾಯುವ ಗಾಯವನ್ನು ಕಾಯುವವನು ಎಂಬುದನ್ನು ಲಿಸ್ಟರನ ಜೀವನ ತಿಳಿಸುತ್ತದೆ. ಇಂದು ವೈದ್ಯರು ರೋಗಿಯನ್ನು ಮುಟ್ಟುವ ಮುನ್ನ ಕೈ ತೊಳೆಯುವಾಗಲೆಲ್ಲ ಅವನ ಸಾಧನೆ ಮೌನವಾಗಿ ಮುಂದುವರಿಯುತ್ತದೆ.