ನಿಜ ನುಡಿಗೆ ನೂರು ವಿಘ್ನ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಮನೆಮಾತು. ಒದೆಯುವವರು ಯಾರೆಂದು ಕೇಳಿದರೆ ನಾವು ಅರಸನನ್ನೋ ಅಧಿಕಾರಿಯನ್ನೋ ತೋರಿಸುತ್ತೇವೆ. ಆದರೆ ಎಷ್ಟೋ ಸಲ ಒದೆಯುವ ಕಾಲು ನಮ್ಮವರದೇ ಆಗಿರುತ್ತದೆ. ಊರ ಕಟ್ಟೆಯ ಮೇಲೆ ಹತ್ತು ಜನ ಕುಳಿತಿರುತ್ತಾರೆ. ಹತ್ತೂ ಜನರಿಗೆ ತಿಳಿದ ಸಂಗತಿಯನ್ನು ಒಬ್ಬನೂ ಬಾಯಿಬಿಟ್ಟು ಆಡುವುದಿಲ್ಲ. ಅವರನ್ನು ತಡೆಯುವ ಕಾನೂನಿಲ್ಲ, ಪೊಲೀಸರಿಲ್ಲ. ಆಡಿದರೆ ಒಳ್ಳೆಯವರ ಸಾಲಿನಿಂದ ಹೊರಗೆ ಬಿದ್ದೇನು ಎಂಬ ಅಂಜಿಕೆಯೊಂದೇ ಅವರ ನಾಲಿಗೆಯನ್ನು ಕಟ್ಟಿಹಾಕುತ್ತದೆ. ಈ ಅಂಜಿಕೆಯ ಸ್ವರೂಪವನ್ನು ಬಿಡಿಸಿ ತೋರಿಸಿ, ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತ ಒಬ್ಬ ಲೇಖಕರ ಜೀವನವನ್ನು ಇಂದು ಸ್ಮರಿಸೋಣ. ಅವರೇ ಜಾರ್ಜ್ ಆರ್ವೆಲ್.

ಆರ್ವೆಲ್ ಎಂಬುದು ಅವರು ಇಟ್ಟುಕೊಂಡ ಕಾವ್ಯನಾಮ. ತಂದೆ ತಾಯಿ ಇಟ್ಟ ಹೆಸರು ಎರಿಕ್ ಆರ್ಥರ್ ಬ್ಲೇರ್. ಅವರು ಹುಟ್ಟಿದ್ದು ನಮ್ಮ ಭಾರತದಲ್ಲಿಯೇ, 1903ರ ಜೂನ್ 25ರಂದು, ಬಿಹಾರದ ಮೋತಿಹಾರಿಯಲ್ಲಿ. ಮುಂದೆ 1917ರಲ್ಲಿ ಗಾಂಧೀಜಿಯವರು ಚಂಪಾರಣ್ಯದ ನೀಲಿ ಬೆಳೆಗಾರರ ಪರವಾಗಿ ನಿಂತು ನ್ಯಾಯಾಲಯದ ಕಟಕಟೆ ಹತ್ತಿದ್ದು ಇದೇ ಊರಿನಲ್ಲಿ. ಬ್ಲೇರರ ತಂದೆ ಬ್ರಿಟಿಷ್ ಸರಕಾರದ ಅಫೀಮು ಇಲಾಖೆಯಲ್ಲಿ ನೌಕರರು. ಮಗು ವರ್ಷ ತುಂಬುವ ಸುಮಾರಿಗೆ ತಾಯಿಯೊಡನೆ ಇಂಗ್ಲೆಂಡಿಗೆ ಹೋಯಿತು.

ದೊಡ್ಡವರಾದ ಮೇಲೆ 1922ರಲ್ಲಿ ಅವರು ಬರ್ಮಾ ದೇಶಕ್ಕೆ ಪೊಲೀಸ್ ಅಧಿಕಾರಿಯಾಗಿ ಬಂದರು. ಐದು ವರ್ಷ ದುಡಿದರು. ಪರರ ನಾಡನ್ನು ಬಲದಿಂದ ಆಳುವುದು ಅನ್ಯಾಯವೆಂದು ಅವರ ಅಂತರಂಗ ನುಡಿಯತೊಡಗಿತು. ಆದರೆ ಅಲ್ಲಿದ್ದ ಬಿಳಿಯರ ನಡುವೆ ಆ ಮಾತನ್ನು ಆಡುವಂತಿರಲಿಲ್ಲ. 1927ರಲ್ಲಿ ರಜೆಯ ಮೇಲೆ ಹೋದವರು ಕೈತುಂಬ ಸಂಬಳದ ನೌಕರಿಗೆ ರಾಜೀನಾಮೆ ಕೊಟ್ಟು, ಲೇಖನಿ ಹಿಡಿದು ಬಡತನವನ್ನು ಬರಮಾಡಿಕೊಂಡರು.

1936ರ ಕೊನೆಯಲ್ಲಿ ಸ್ಪೇನ್ ದೇಶದಲ್ಲಿ ಸರ್ವಾಧಿಕಾರದ ವಿರುದ್ಧ ನಡೆದಿದ್ದ ಯುದ್ಧಕ್ಕೆ ತಾವಾಗಿಯೇ ಹೋಗಿ ಸೇರಿದರು. 1937ರ ಮೇ ತಿಂಗಳಲ್ಲಿ ಶತ್ರುವಿನ ಗುಂಡು ಅವರ ಗಂಟಲನ್ನು ಸೀಳಿಕೊಂಡು ಹೋಯಿತು. ಪ್ರಾಣ ಉಳಿಯಿತು, ಧ್ವನಿ ಮಾತ್ರ ಉಡುಗಿಹೋಗಿ, ನಿಧಾನವಾಗಿ ಮರಳಿತು. ಅದೇ ಸಮಯದಲ್ಲಿ ರಷ್ಯಾದ ಬೆಂಬಲವಿದ್ದ ಕಮ್ಯುನಿಸ್ಟರು, ಜೊತೆಗೆ ನಿಂತು ಹೋರಾಡಿದವರನ್ನೇ ದ್ರೋಹಿಗಳೆಂದು ಕರೆದು ಸೆರೆಗೆ ತಳ್ಳುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ತಾವೂ ಹೆಂಡತಿಯೊಡನೆ ತಪ್ಪಿಸಿಕೊಂಡು ಬರಬೇಕಾಯಿತು.

ಊರಿಗೆ ಬಂದು ಕಂಡದ್ದನ್ನು ಬರೆದರು. ಆಗ ಎದುರಾದದ್ದು ಶತ್ರುಗಳ ಗುಂಡಲ್ಲ, ಮಿತ್ರರ ಮೌನ. ಬಡವರ ಪರವಾದ ಹೆಸರಾಂತ ವಾರಪತ್ರಿಕೆ ನ್ಯೂ ಸ್ಟೇಟ್ಸ್‌ಮನ್ ಅವರ ಲೇಖನವನ್ನು ತಿರಸ್ಕರಿಸಿತು. ಅವರ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದ ಪ್ರಕಾಶಕರು ಸ್ಪೇನಿನ ಕಥೆ ಬರೆದು ಮುಗಿಯುವ ಮೊದಲೇ ಬೇಡವೆಂದರು. ಇದರಿಂದ ನಮ್ಮ ಪಕ್ಷಕ್ಕೆ ಕೆಟ್ಟ ಹೆಸರು, ಎದುರಾಳಿಗೆ ಲಾಭ ಎಂಬುದು ಅವರ ಎಣಿಕೆ. ಬೇರೊಬ್ಬರು 1938ರಲ್ಲಿ ಆ ಪುಸ್ತಕದ 1500 ಪ್ರತಿಗಳನ್ನು ಅಚ್ಚು ಹಾಕಿದರು. ಲೇಖಕರು ತೀರಿಕೊಳ್ಳುವವರೆಗೂ ಅವಷ್ಟೂ ಮಾರಾಟವಾಗಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಪ್ರಾಣಿಗಳ ಒಂದು ಕಥೆ ಬರೆದರು. ಹೊಲಮನೆಯ ಪ್ರಾಣಿಗಳೆಲ್ಲ ಒಂದಾಗಿ ಯಜಮಾನನನ್ನು ಓಡಿಸಿ, ನಾವೆಲ್ಲರೂ ಸಮಾನರೆಂದು ಸಾರುತ್ತವೆ. ಕಾಲ ಕಳೆದಂತೆ ಹಂದಿಗಳೇ ಯಜಮಾನರಾಗಿ, ಕೊನೆಗೆ ಹಂದಿ ಯಾವುದು ಮನುಷ್ಯ ಯಾರು ಎಂದು ತಿಳಿಯದಂತಾಗುತ್ತದೆ. ರಷ್ಯಾದ ಕ್ರಾಂತಿ ಸ್ಟಾಲಿನ್ನನ ಕೈಯಲ್ಲಿ ಹಾದಿ ತಪ್ಪಿದ ಬಗೆಯನ್ನು ಹೇಳುವ ಈ ಕಥೆಯೇ ಅನಿಮಲ್ ಫಾರ್ಮ್. 1944ರಲ್ಲಿ ಅದು ಸಿದ್ಧವಾದಾಗ ರಷ್ಯಾ ದೇಶ ಬ್ರಿಟನ್ನಿನ ಜೊತೆ ನಿಂತು ಹಿಟ್ಲರನ ವಿರುದ್ಧ ಕಾದಾಡುತ್ತಿತ್ತು. ಅಂಥ ಹೊತ್ತಿನಲ್ಲಿ ಸ್ಟಾಲಿನ್ನನ ತಪ್ಪು ಎತ್ತಿ ಆಡುವುದು ಸಭ್ಯರ ಲಕ್ಷಣವಲ್ಲವೆಂದು ವಿದ್ಯಾವಂತರೆಲ್ಲ ನಂಬಿದ್ದರು.

ಸರಕಾರ ಆ ಪುಸ್ತಕವನ್ನು ನಿಷೇಧಿಸಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆದರೂ ಪ್ರಕಾಶಕರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಒಬ್ಬರು ಮೊದಲು ಒಪ್ಪಿ, ಸರಕಾರದ ವಾರ್ತಾ ಇಲಾಖೆಯ ಅಧಿಕಾರಿಯ ಸಲಹೆ ಕೇಳಿ ಬೇಡವೆಂದರು. ಹಂದಿಗಳ ಬದಲು ಬೇರೆ ಯಾವುದಾದರೂ ಪ್ರಾಣಿಯಿದ್ದರೆ ರಷ್ಯನ್ನರ ಮನಸ್ಸಿಗೆ ಅಷ್ಟು ನೋವಾಗದು ಎಂಬ ಸಲಹೆಯನ್ನೂ ಕೊಟ್ಟರು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಮಹಾಕವಿ ಟಿ.ಎಸ್. ಎಲಿಯಟ್ಟರು ಇನ್ನೊಂದು ಪ್ರಕಾಶನದಲ್ಲಿದ್ದರು. ಬರವಣಿಗೆ ಉತ್ತಮವೆಂದು ಒಪ್ಪಿಯೂ, ಆ ಹೊತ್ತಿಗೆ ಆಡಬೇಕಾದ ಮಾತು ಇದೇ ಎಂಬ ನಂಬಿಕೆ ತಮಗಿಲ್ಲವೆಂದು ಅವರು ಹಿಂದಿರುಗಿಸಿದರು. ಈ ನಡುವೆ ಲಂಡನ್ನಿನಲ್ಲಿ ಆರ್ವೆಲ್ಲರ ಮನೆಯ ಮೇಲೆ ಬಾಂಬಿನ ಪೆಟ್ಟು ಬಿದ್ದು, ಹಸ್ತಪ್ರತಿಯನ್ನು ಮಣ್ಣುಕಲ್ಲಿನ ರಾಶಿಯಿಂದ ಹೆಕ್ಕಿ ತೆಗೆಯಬೇಕಾಯಿತು. ಕೊನೆಗೆ ಯುದ್ಧ ಮುಗಿದ ಮೇಲೆ, 1945ರ ಆಗಸ್ಟ್ 17ರಂದು ಪುಸ್ತಕ ಹೊರಬಂದು ಜಗತ್ತಿನ ತುಂಬ ಹರಡಿತು.

ಆ ಪುಸ್ತಕಕ್ಕೆಂದು ಅವರು ಒಂದು ಮುನ್ನುಡಿಯನ್ನೂ ಬರೆದಿದ್ದರು. ತಮ್ಮ ನಾಡಿನಲ್ಲಿ ಬಾಯಿಗೆ ಬೀಗ ಹಾಕುವವರು ಹೆಚ್ಚಾಗಿ ಸರಕಾರದವರಲ್ಲ, ತಾವಾಗಿಯೇ ಬೀಗ ಜಡಿದುಕೊಳ್ಳುವ ವಿದ್ಯಾವಂತರು ಎಂಬುದು ಅದರ ತಿರುಳು. ಕೇಳುವವರಿಗೆ ಇಷ್ಟವಾದುದನ್ನು ಮಾತ್ರ ಹೇಳುವುದಕ್ಕೆ ಸ್ವಾತಂತ್ರ್ಯವೇ ಬೇಕಿಲ್ಲ ಎಂಬುದು ಅವರ ವಾದ. ವಿಚಿತ್ರವೆಂದರೆ ಆ ಮುನ್ನುಡಿ ಅಂದು ಪುಸ್ತಕದಲ್ಲಿ ಅಚ್ಚಾಗಲೇ ಇಲ್ಲ. ಅದು ಬೆಳಕು ಕಂಡದ್ದು 1972ರಲ್ಲಿ, ಅವರು ಗತಿಸಿ 22 ವರ್ಷಗಳ ಮೇಲೆ.

1949ರಲ್ಲಿ ಅವರ ಕೊನೆಯ ಕಾದಂಬರಿ ಪ್ರಕಟವಾಯಿತು. ವರ್ಷ ವರ್ಷ ಪದಗಳನ್ನು ಕಡಿಮೆ ಮಾಡುತ್ತ ಹೋಗಿ, ವಿರುದ್ಧವಾಗಿ ಯೋಚಿಸುವುದಕ್ಕೇ ಮಾತು ಸಿಗದಂತೆ ಮಾಡುವ ರಾಜ್ಯದ ಕಥೆ ಅದರಲ್ಲಿದೆ. ಕ್ಷಯರೋಗದಿಂದ ನರಳುತ್ತಲೇ ಅದನ್ನು ಬರೆದು ಮುಗಿಸಿದರು. 1950ರ ಜನವರಿ 21ರಂದು, 46ನೆಯ ವಯಸ್ಸಿನಲ್ಲಿ, ಲಂಡನ್ನಿನ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು.

ನಿಜ ನುಡಿದವರ ಕಥೆ ಹೇಳುವಾಗ ಅವರ ಬಗೆಗಿನ ನಿಜವನ್ನೂ ಮುಚ್ಚಿಡಬಾರದು. ತೀರಿಕೊಳ್ಳುವ ಹಿಂದಿನ ವರ್ಷ ಆರ್ವೆಲ್ಲರು 38 ಜನರ ಹೆಸರಿನ ಪಟ್ಟಿಯೊಂದನ್ನು ಬ್ರಿಟಿಷ್ ಸರಕಾರದ ಒಂದು ಇಲಾಖೆಗೆ ಕೊಟ್ಟಿದ್ದರು. ಇವರು ರಷ್ಯಾದ ಕಡೆ ಒಲವುಳ್ಳವರು, ರಷ್ಯಾದ ವಿರುದ್ಧದ ಪ್ರಚಾರದ ಬರವಣಿಗೆಗೆ ಇವರನ್ನು ನಂಬಬೇಡಿ ಎಂಬುದು ಅದರ ಆಶಯ. ಆ ಪೂರ್ಣ ಪಟ್ಟಿ 2003ರಲ್ಲಿ ಪ್ರಕಟವಾದಾಗ ಅವರನ್ನು ಮೆಚ್ಚಿದ್ದ ಎಷ್ಟೋ ಮಂದಿ ನೊಂದುಕೊಂಡರು. ಪಟ್ಟಿಯಲ್ಲಿದ್ದವರನ್ನು ಸೆರೆಗೆ ಹಾಕಿರೆಂದು ಅವರು ಹೇಳಿರಲಿಲ್ಲ, ನಿಜ. ಆದರೂ ಬಹಿರಂಗದಲ್ಲಿ ವಾದಿಸಿ ಗೆಲ್ಲಬಲ್ಲವರು ಗುಟ್ಟಾಗಿ ಹೆಸರು ಬರೆದು ಕೊಟ್ಟರಲ್ಲ ಎಂಬ ವ್ಯಥೆ ಉಳಿಯುತ್ತದೆ. ಪರರ ಮಾತನ್ನು ಸಹಿಸುವುದು ಎಷ್ಟು ಕಠಿಣವೆಂಬುದಕ್ಕೆ ಇದೂ ಒಂದು ಪಾಠ.

ಸದ್ಭಕ್ತರೇ, ಇಂದಿನ ವಿದ್ಯಾವಂತರು ಪೊಲಿಟಿಕಲ್ ಕರೆಕ್ಟ್‌ನೆಸ್ ಎಂಬ ಮಾತನ್ನು ಬಳಸುತ್ತಾರೆ. ಯಾರ ಮನಸ್ಸೂ ನೋಯದಂತೆ, ಸಮಾಜ ಒಪ್ಪುವಂತೆ ಮಾತಾಡಬೇಕೆಂಬ ಕಟ್ಟುಪಾಡು ಅದು. ಅದರಲ್ಲಿ ಒಳ್ಳೆಯದೂ ಇದೆ. ಕುಂಟ, ಕುರುಡ ಎಂದು ಹಂಗಿಸುವುದನ್ನೂ, ಜಾತಿ ಹಿಡಿದು ಜರೆಯುವುದನ್ನೂ ಬಿಟ್ಟಿದ್ದೇವೆಂದರೆ ಅದು ನಾಲಿಗೆಗೆ ಬಂದ ಸಂಸ್ಕಾರ. ಅದನ್ನು ಮತ್ತೆ ಕೆಡಿಸಿಕೊಳ್ಳಬಾರದು. ಆದರೆ ಮಾತು ಮೃದುವಾಗಿರಲಿ ಎಂಬುದು ಒಂದು, ಮಾತೇ ಬೇಡ ಎಂಬುದು ಇನ್ನೊಂದು. ಔಷಧಿಗೆ ಬೆಲ್ಲ ಬೆರೆಸುವುದು ತಾಯಿಯ ಜಾಣತನ. ಕಹಿಯೆಂದು ಔಷಧಿಯನ್ನೇ ಚೆಲ್ಲಿ ಬರೀ ಬೆಲ್ಲ ತಿನ್ನಿಸಿದರೆ ಮಗುವಿನ ರೋಗ ಉಳಿಯುತ್ತದೆ.

ಆದ್ದರಿಂದ ನಮ್ಮ ಮನೆಯಲ್ಲಿ, ನಮ್ಮ ಊರಿನಲ್ಲಿ, ನಮ್ಮದೇ ಪಂಗಡದಲ್ಲಿ ಯಾರಾದರೂ ನಮಗೆ ಹಿಡಿಸದ ನಿಜವನ್ನು ಆಡಿದಾಗ ಅವರ ಬಾಯಿ ಮುಚ್ಚಿಸುವ ಮೊದಲು ಒಂದು ಗಳಿಗೆ ತಡೆಯೋಣ. ಮಾತು ಸುಳ್ಳೋ, ಅಥವಾ ನಮಗೆ ಬೇಡವಾದದ್ದೋ ಎಂದು ಆತ್ಮಸಾಕ್ಷಿಯನ್ನು ಕೇಳಿಕೊಳ್ಳೋಣ. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿರುವ ಆ ಲೇಖಕರ ಸಮಾಧಿಯ ಮೇಲೆ ಎರಿಕ್ ಆರ್ಥರ್ ಬ್ಲೇರ್ ಎಂಬ ಹುಟ್ಟುಹೆಸರು ಮಾತ್ರವಿದೆ, ಲೋಕ ಮೆಚ್ಚಿದ ಹೆಸರಿಲ್ಲ. ಹೆಸರಿನ ಹಂಗು ತೊರೆದವನಿಗೆ ನಿಜ ನುಡಿಯುವುದು ಸುಲಭ. ನಮ್ಮ ನಾಲಿಗೆಗೆ ಆ ಧೈರ್ಯವೂ, ನಮ್ಮ ಕಿವಿಗೆ ಕೇಳುವ ಸಹನೆಯೂ ದೊರೆಯಲಿ.