ಹಾಸಿಗೆಯಲ್ಲೇ ಇದ್ದು ರೋಗಿಗಳನ್ನು ಸಲಹಿದ ಮಾತೆ ಮೇರಿ ಐಕನ್‌ಹೆಡ್

ಐರ್ಲೆಂಡಿನ ಕಾರ್ಕ್ ನಗರದಲ್ಲಿ 1787ರ ಜನವರಿ 19ರಂದು ಮೇರಿ ಐಕನ್‌ಹೆಡ್ ಜನಿಸಿದರು. ತಂದೆ ಆಂಗ್ಲಿಕನ್ ಸಭೆಯ ವೈದ್ಯರು, ತಾಯಿ ಕಥೋಲಿಕರು. ಹದಿನೈದನೆಯ ವಯಸ್ಸಿನಲ್ಲಿ ಮೇರಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1815ರಲ್ಲಿ ಡಬ್ಲಿನ್ನಿನಲ್ಲಿ ಐರಿಷ್ ಸಿಸ್ಟರ್ಸ್ ಆಫ್ ಚ್ಯಾರಿಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಠದ ಗೋಡೆಗಳೊಳಗೆ ಉಳಿಯದೆ ಬಡರೋಗಿಗಳ ಮನೆಬಾಗಿಲಿಗೆ ನಡೆದುಹೋಗುವುದು ಈ ಭಗಿನಿಯರ ವ್ರತವಾಗಿತ್ತು.

1831ರಲ್ಲಿ ಬೆನ್ನುಮೂಳೆಯ ಬೇನೆ ಅವರನ್ನು ಹಾಸಿಗೆ ಹಿಡಿಸಿತು. ಅಲ್ಲಿಂದ ಕೊನೆಯವರೆಗೆ ಇಪ್ಪತ್ತೇಳು ವರ್ಷಗಳ ಕಾಲ ಹಾಸಿಗೆ ಮತ್ತು ಗಾಲಿಕುರ್ಚಿಗಳೇ ಅವರ ಕಾರ್ಯಾಲಯ. ಪತ್ರಗಳ ಮೂಲಕವೇ ಸಂಸ್ಥೆಯನ್ನು ನಡೆಸಿದರು. ಮೂವರು ಭಗಿನಿಯರನ್ನು ಶುಶ್ರೂಷೆಯ ಶಿಕ್ಷಣಕ್ಕಾಗಿ ಪ್ಯಾರಿಸ್ಸಿಗೆ ಕಳುಹಿಸಿ, 1834ರಲ್ಲಿ ಡಬ್ಲಿನ್ನಿನಲ್ಲಿ ಸಂತ ವಿನ್ಸೆಂಟರ ಆಸ್ಪತ್ರೆಯನ್ನು ತೆರೆಸಿದರು. ತಮ್ಮ ನೋವನ್ನು ದೇವರಿಗೆ ಅರ್ಪಿಸಿದ ಮಾತೆ, ಪರರ ನೋವಿಗೆ ಮಾತ್ರ ಮದ್ದನ್ನೇ ಅರಸಿದರು. ಮುಪ್ಪಿನಲ್ಲಿ ನೋವು ಸಹಜವೆಂದು ಹೇಳಿ ಸುಮ್ಮನಾಗುವ ನಾವು ಇದನ್ನು ಗಮನಿಸಬೇಕು. ಹಿರಿಯರು ಬಾಯಿಬಿಟ್ಟು ಹೇಳುವುದು ಕಡಿಮೆ. ನಿದ್ರೆ ಕೆಡುವುದರಲ್ಲಿ, ಊಟ ಸೇರದಿರುವುದರಲ್ಲಿ, ಮೌನದಲ್ಲಿ ಅವರ ನೋವನ್ನು ಓದಿಕೊಳ್ಳಬೇಕಾಗುತ್ತದೆ.

1858ರ ಜುಲೈ 22ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಡಬ್ಲಿನ್ನಿನ ಹೆರಾಲ್ಡ್ಸ್ ಕ್ರಾಸ್ ಮಠದಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು. ಅದೇ ಮನೆ 1879ರಲ್ಲಿ ಮರಣಾಸನ್ನರ ಆಶ್ರಯವಾಯಿತು. 1905ರಲ್ಲಿ ಅವರ ಭಗಿನಿಯರು ಲಂಡನ್ನಿನ ಹ್ಯಾಕ್ನಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಇಂಥದೇ ಆಲಯವನ್ನು ತೆರೆದರು.

ಅಲ್ಲಿಗೆ 1958ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಬಂದರು. ಅವರು ಕಥೋಲಿಕರಲ್ಲ, ಆಂಗ್ಲಿಕನ್ನರು. ನೋವು ಮರಳಿ ರೋಗಿ ನರಳಿದ ಮೇಲೆ ಸೂಜಿಮದ್ದು ಕೊಡುವುದು ಆಗಿನ ರೂಢಿ. ಅವರಾದರೋ ನೋವು ಮರಳುವ ಮುನ್ನವೇ, ನಾಲ್ಕು ಗಂಟೆಗೊಮ್ಮೆ, ಬಾಯಿಯ ಮೂಲಕ ಮಾರ್ಫಿನ್ ಜಾತಿಯ ಮದ್ದನ್ನು ಅಳತೆಯರಿತು ಕೊಡಿಸಿದರು. ರೋಗಿಗಳು ಮದ್ದಿಗೆ ದಾಸರಾಗಬಹುದೆಂಬ ಭಯ ಹುಸಿಯಾಯಿತು. ಅವರು ಎಚ್ಚರವಾಗಿದ್ದು ಬಂಧುಗಳೊಡನೆ ಮಾತನಾಡಬಲ್ಲವರಾದರು. ದೇಹದ ನೋವಿನೊಂದಿಗೆ ಅಂಜಿಕೆ, ಒಂಟಿತನ, ಮನೆಯವರ ಚಿಂತೆ, ಆತ್ಮದ ಕಳವಳಗಳೂ ಬೆರೆತಿರುತ್ತವೆಂದು ಸಾಂಡರ್ಸ್ ಕಂಡುಕೊಂಡದ್ದು ಈ ರೋಗಿಗಳ ಮಾತನ್ನು ಕೇಳುತ್ತಲೇ. ನೋವನ್ನು ತಗ್ಗಿಸುವುದು ಧರ್ಮಕ್ಕೆ ವಿರುದ್ಧವಲ್ಲವೆಂದು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1957ರಲ್ಲೇ ವೈದ್ಯರಿಗೆ ತಿಳಿಸಿದ್ದರು.

ಮಾತೆ ಮೇರಿಯವರನ್ನು ಫ್ರಾನ್ಸಿಸ್ ಜಗದ್ಗುರುಗಳು 2015ರ ಮಾರ್ಚ್‌ನಲ್ಲಿ ಪೂಜನೀಯರೆಂದು ಘೋಷಿಸಿದರು.